‘ನಮ್ಮನೆ’ ಗುಂಪಿನಲ್ಲಿ ಹವಳದ ಜಗಳ

ವಿನು: [ಫೋಟೋ] ಅಂಡಮಾನ್‌ನ ಹ್ಯಾವ್‌ಲಾಕ್! ಮೊದಲ ಸ್ಕೂಬಾ! ಈಜು ಬರದ ನಾನು ಸಮುದ್ರದ ತಳದಲ್ಲಿ ಕೂತಿದ್ದೇನೆ, ನೋಡಿ ಎಲ್ಲರೂ 😎

ಶೈಲತ್ತೆ: ಅಯ್ಯೋ ಕಂದ, ದೃಷ್ಟಿ ತಾಗೀತು. ಊಟ ಆಯಿತಾ?

ರಘು ಚಿಕ್ಕಪ್ಪ: ಭಲೇ ಅಳಿಯ! ಇದಕ್ಕೆ ಫ್ರೇಮ್ ಹಾಕಿಸಬೇಕು. ಆ ಆಕ್ಸಿಜನ್ ಸಿಲಿಂಡರ್ ಹೊತ್ತು ಬೆನ್ನು ನೋಯಲಿಲ್ವಾ?

ನಾನು: ಖುಷಿಯಾಯಿತು ವಿನು. ಆದರೆ ನಿನ್ನ ಎಡಗೈ ಎಲ್ಲಿದೆ ಅಂತ ಸ್ವಲ್ಪ ಜೂಮ್ ಮಾಡಿ ನೋಡು.

ವಿನು: ಬಂಡೆ ಹಿಡಿದುಕೊಂಡಿದ್ದೇನೆ ಅಕ್ಕ. ಇಲ್ಲದಿದ್ದರೆ ತೇಲಿಹೋಗುತ್ತಿದ್ದೆ.

ನಾನು: ಬಂಡೆ ಅಲ್ಲ ಕಣೋ, ಜೀವ ಇರುವ ಹವಳ. ಮೆದುಳಿನ ಹಾಗೆ ಸುರುಳಿ ಸುರುಳಿ ಗೆರೆ ಕಾಣುತ್ತಿದೆಯಲ್ಲ, ಆ ಗೆರೆಗಳ ಸಂದಿಯಲ್ಲಿ ಪಾಲಿಪ್ ಅನ್ನುವ ಪುಟಾಣಿ ಪ್ರಾಣಿಗಳಿರುತ್ತವೆ. ಕೆಳಗಿನ ಕಲ್ಲು ಅವು ಕಟ್ಟಿಕೊಂಡಿದ್ದು. ಜೀವ ಇರುವುದು ಮೇಲಿನ ತೆಳ್ಳನೆ ಪದರದಲ್ಲಿ ಮಾತ್ರ. ನಿನ್ನ ಐದೂ ಬೆರಳು ಆ ಪದರದ ಮೇಲೇ ಊರಿವೆ.

ರಘು ಚಿಕ್ಕಪ್ಪ: ಶುರುವಾಯಿತು ಪಾಠ. ಹುಡುಗ ಮೊದಲ ಸಲ ಹೋಗಿದ್ದಾನೆ, ಖುಷಿಪಡಲಿ ಬಿಡಮ್ಮ.

ವಿನು: ಫೋಟೋ ತೆಗೆಯುವವನೇ ‘ಗಟ್ಟಿಯಾಗಿ ಹಿಡಿದುಕೋ, ಅಲ್ಲಾಡಬೇಡ’ ಅಂತ ಸನ್ನೆ ಮಾಡಿದ್ದು. ನಾನೇನು ಬೇಕಂತ ಮಾಡಿದೆನಾ?

ನಾನು: ಸಿಟ್ಟು ನಿನ್ನ ಮೇಲಲ್ಲ, ಅವನ ಮೇಲೆ. ಮೇಲಕ್ಕೂ ತೇಲದೆ ಕೆಳಕ್ಕೂ ಮುಳುಗದೆ ಒಂದೇ ಮಟ್ಟದಲ್ಲಿ ನಿಲ್ಲುವುದು ಮೊದಲ ಸಲ ಇಳಿದವರಿಗೆ ಯಾರಿಗೂ ಬರುವುದಿಲ್ಲ, ಅದಕ್ಕೇ ಇನ್‌ಸ್ಟ್ರಕ್ಟರ್ ಹಿಂದಿನಿಂದ ಹಿಡಿದಿರುತ್ತಾನೆ, 12 ಮೀಟರ್‌ಗಿಂತ ಕೆಳಗೆ ಇಳಿಸುವುದೂ ಇಲ್ಲ. ಅವನು ಹಿಡಿದಿದ್ದರೆ ನೀನು ಏನನ್ನೂ ಹಿಡಿಯಬೇಕಾಗಿಲ್ಲ. ಪಕ್ಕದಲ್ಲೇ ಮರಳು ಕಾಣುತ್ತಿದೆ, ಅಲ್ಲಿ ಮಂಡಿಯೂರಿಸಿ ಫೋಟೋ ತೆಗೆಯಬಹುದಿತ್ತು. ಫೋಟೋದವನಿಗೆ ಹವಳದ ಜೊತೆಗೇ ಬೇಕು, ಫೋಟೋ ನೋಡಿ ನಾಳೆ ಇನ್ನೂ ನಾಲ್ಕು ಜನ ಬರುತ್ತಾರಲ್ಲ.

ರಘು ಚಿಕ್ಕಪ್ಪ: ಒಂದು ಕೈ ಇಟ್ಟರೆ ಸಮುದ್ರ ಬತ್ತಿಹೋಗುತ್ತದಾ? ನೀರು ಬಿಸಿಯಾಗಿ ಹವಳವೆಲ್ಲ ಬೆಳ್ಳಗಾಗಿ ಸಾಯುತ್ತಿದೆ ಅಂತ ಪೇಪರ್‌ನಲ್ಲಿ ನಾನೂ ಓದಿದ್ದೇನೆ. ಅದೂ ವಿನು ಕೈಯಿಂದಲೇ ಆಯಿತಾ? ನೀನು ಲಕ್ಷದ್ವೀಪಕ್ಕೆ ಹೋಗಿದ್ದು ವಿಮಾನದಲ್ಲೇ ತಾನೆ, ಈಜಿಕೊಂಡು ಅಲ್ಲವಲ್ಲ?

ಶೈಲತ್ತೆ: 😂😂

ನಾನು: ವಿಮಾನದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಚಿಕ್ಕಪ್ಪ. ಬಿಸಿಯ ಮಾತೂ ನಿಜ. ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿದೆ, ಇದು ನಾಲ್ಕನೇ ಸಲ ಅಂತ 2024ರ ಏಪ್ರಿಲ್‌ನಲ್ಲಿ ಘೋಷಿಸಿದರು, ಆ ವರ್ಷ ಲಕ್ಷದ್ವೀಪದಲ್ಲೂ ಆಯಿತು. ಆದರೆ ಬೆಳ್ಳಗಾದ ಕೂಡಲೇ ಸತ್ತುಹೋಯಿತು ಅಂತ ಅಲ್ಲ. ಪಾಲಿಪ್ ಮೈಯೊಳಗೆ ಒಂದು ಪಾಚಿ ಇರುತ್ತದೆ. ಹವಳಕ್ಕೆ ಬಣ್ಣ ಕೊಡುವುದು ಅದು, ಊಟದ ಬಹುಪಾಲು ಒದಗಿಸುವುದೂ ಅದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸ್ ಸೇರಿಕೊಳ್ಳುತ್ತದೆ, ಇಲ್ಲದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ. ಹಾಗೆ ಹೇಗೋ ಬದುಕಿಕೊಂಡಿದ್ದರ ಮೇಲೆ ಹೋಗಿ ಕೈ ಊರುವುದು ಯಾಕೆ ಅಂತ ನನ್ನ ಪ್ರಶ್ನೆ. ವಿನುವಿನದು ಒಂದೇ ಕೈ, ಸರಿ. ಆದರೆ ಅದೇ ಜಾಗ, ಅದೇ ಹವಳ, ಅದೇ ಫೋಟೋದವನು, ಸೀಸನ್ ಪೂರ್ತಿ. ಇಂಥ ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು.

ಅಜ್ಜಿ: [ವಾಯ್ಸ್ ಮೆಸೇಜ್] ಹವಳ ಕೆಂಪಗೆ ಇರುತ್ತದಲ್ವೇನೇ? ನನ್ನ ಸರದಲ್ಲಿ ಇರುವುದು ಮತ್ತೆ ಏನು?

ನಾನು: ಅದು ಬೇರೆ ಜಾತಿ ಅಜ್ಜಿ. ಸರಕ್ಕೆ ಪೋಣಿಸುವ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಕಡೆಯಿಂದ ಬರುತ್ತಿತ್ತು, ಬೆಳಕು ಕಡಿಮೆ ಇರುವ ಕಡೆ ಬೆಳೆಯುವಂಥದ್ದು. ವಿನು ಇರುವ ಕಡೆ ಸಿಗುವುದಿಲ್ಲ.

ವಿನು: ಅಜ್ಜಿ, ನಿಮಗೆ ಅಂತ ಬೀಚಿನಲ್ಲಿ ಒಂದು ಬಿಳಿ ತುಂಡು ಎತ್ತಿಟ್ಟುಕೊಂಡಿದ್ದೇನೆ, ಶೋಕೇಸ್‌ಗೆ. ಸತ್ತಿದ್ದೇ ಅಕ್ಕ!! ಬೈಬೇಡ.

ನಾನು: ಸತ್ತಿದ್ದೂ ತರುವ ಹಾಗಿಲ್ಲ. ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಏರ್‌ಪೋರ್ಟಿನಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವಾಗ ಸಿಕ್ಕಿಬಿದ್ದರೆ ಕೇಸು. ಎತ್ತಿದ ಕಡೆಯೇ ಹಾಕಿ ಬಾ.

ಶೈಲತ್ತೆ: ವಿನು. ಈಗಲೇ ಹೋಗಿ ಹಾಕಿ ಬಾ. ಹಾಕಿದ್ದರ ಫೋಟೋ ಕಳಿಸು.

ರಘು ಚಿಕ್ಕಪ್ಪ: ಕಾನೂನು ಅಂದಮೇಲೆ ನಾನು ಮಾತಾಡುವುದಿಲ್ಲ. ಆದರೆ ಮೊದಲಿನ ಫೋಟೋ ಡಿಲೀಟ್ ಮಾಡಬೇಡ ಅಳಿಯ, ನಾನು ಆಗಲೇ ಸ್ಟೇಟಸ್‌ಗೆ ಹಾಕಿ ಆಯಿತು.

ನಾನು: ಕೈ ಇರುವ ಭಾಗ ಕ್ರಾಪ್ ಮಾಡಿಯಾದರೂ ಹಾಕಿ ಚಿಕ್ಕಪ್ಪ. ಅದನ್ನು ನೋಡಿದವರು ಅಲ್ಲಿಗೆ ಹೋಗಿ ಅದೇ ಪೋಸ್ ಕೇಳುತ್ತಾರೆ.

ರಘು ಚಿಕ್ಕಪ್ಪ: ಕೈ ಕತ್ತರಿಸಿದರೆ ಸ್ಟುಡಿಯೋದಲ್ಲಿ ತೆಗೆಸಿದ ಹಾಗೆ ಕಾಣುತ್ತದೆ.

ವಿನು: ಹಾಗಾದರೆ ಇದನ್ನು ಹಾಕಿ ಮಾವ. [ವಿಡಿಯೋ] ಇದರಲ್ಲಿ ಏನೂ ಮುಟ್ಟಿಲ್ಲ. ಕೊನೆಯಲ್ಲಿ ಸೂಪರ್ ಅಂತ ಹೆಬ್ಬೆರಳು ಎತ್ತಿ ತೋರಿಸಿದರೆ ಆ ಪುಣ್ಯಾತ್ಮ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೊರಟೇಬಿಟ್ಟ 😭

ನಾನು: ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ! ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಇಳಿಯುವ ಮೊದಲು ಹೇಳಿಕೊಡಲಿಲ್ವಾ?

ವಿನು: ಹೇಳಿದ್ದರು. ಆದರೆ ಅನಿಮೋನಿ ಅಂತ ಹೂವಿನ ಹಾಗೆ ಕಾಣುವ ಸಮುದ್ರದ ಪ್ರಾಣಿಯ ಒಳಗಿಂದ ಬೆರಳುದ್ದದ ಕಿತ್ತಳೆ ಮೀನೊಂದು ಹೊರಗೆ ಬಂದು ನನ್ನ ಮಾಸ್ಕಿಗೇ ಗುದ್ದಲು ಬಂತು. ಒಂದು ಸಲ ಅಲ್ಲ, ಹಿಂದೆ ಹೋಗಿ ಮತ್ತೆ ಬಂತು. ಆ ಗಲಾಟೆಯಲ್ಲಿ ಎಲ್ಲ ಮರೆತುಹೋಯಿತು.

ನಾನು: ಇದಪ್ಪಾ ವಿಡಿಯೋ ಅಂದರೆ! ಹಾಗೆ ಮೈಮೇಲೆ ಬಂದಿದ್ದು ಹೆಣ್ಣು ಮೀನೇ ಇರಬೇಕು, ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಅದು ಸತ್ತರೆ ಗಂಡು ಮೀನು ಹೆಣ್ಣಾಗಿ ಆ ಜಾಗಕ್ಕೆ ಬರುತ್ತದೆ.

ಶೈಲತ್ತೆ: ಶಿವ ಶಿವ.

ರಘು ಚಿಕ್ಕಪ್ಪ: ಮೀನು ಚೆನ್ನಾಗಿದೆ. ಆದರೆ ಎಲ್ಲ ನೀಲಿ ನೀಲಿ, ಹುಡುಗನ ಮುಖವೇ ಕಾಣುವುದಿಲ್ಲ. ಸ್ಟೇಟಸ್‌ನಲ್ಲಿ ಎರಡೂ ಇರಲಿ.

ಶೈಲತ್ತೆ: ಅದಿರಲಿ. ನಾಳೆ ಬೆಳಗ್ಗೆ ಇನ್ನೊಂದು ಸಲ ಇಳಿದು, ಫೆರಿ ಹಿಡಿದು ಪೋರ್ಟ್ ಬ್ಲೇರ್‌ಗೆ ಬಂದು ಸಂಜೆ ಫ್ಲೈಟ್ ಹತ್ತುತ್ತಾನಂತೆ. ಸುಸ್ತಾಗುವುದಿಲ್ವಾ ಮೇಘಾ?

ನಾನು: ಸುಸ್ತಿನ ಮಾತಲ್ಲ ಅತ್ತೆ, ಅಪಾಯ. ಬೇಡವೇ ಬೇಡ. ಚಿಕ್ಕಪ್ಪ ಆಕ್ಸಿಜನ್ ಅಂದರಲ್ಲ, ಸಿಲಿಂಡರ್‌ನಲ್ಲಿ ಇರುವುದು ನಾವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿರುತ್ತಾರೆ ಅಷ್ಟೇ. ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೈಟ್ರೋಜನ್. ಹತ್ತು ಮೀಟರ್ ಕೆಳಗೆ ಹೋದರೆ ಒತ್ತಡ ಎರಡರಷ್ಟು, ಆಗ ಆ ನೈಟ್ರೋಜನ್ ರಕ್ತದಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದಮೇಲೆ ಉಸಿರಿನಲ್ಲಿ ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ ಅದರೊಳಗಿನ ಗಾಳಿಯ ಒತ್ತಡ ಇನ್ನೂ ಕಡಿಮೆ, ಆ ನೈಟ್ರೋಜನ್ ಮೈಯೊಳಗೇ ಗಾಳಿಗುಳ್ಳೆಯಾಗಬಹುದು. ಒಂದೇ ಡೈವ್ ಆದರೆ 12 ಗಂಟೆ, ಎರಡು ದಿನ ಇಳಿದರೆ 18 ಗಂಟೆ ಕಾಯಬೇಕು ಅನ್ನುತ್ತಾರೆ, 24 ಆದರೆ ಒಳ್ಳೆಯದು.

ವಿನು: ಅಡ್ವಾನ್ಸ್ ಕಟ್ಟಿದ್ದೇನೆ ಅಕ್ಕ 😐 ಫ್ಲೈಟ್ ವಿಷಯ ಅವರು ಕೇಳಲೂ ಇಲ್ಲ.

ಶೈಲತ್ತೆ: ದುಡ್ಡು ಹಾಳಾಗಿ ಹೋಗಲಿ.

ರಘು ಚಿಕ್ಕಪ್ಪ: ಎಷ್ಟು ಕಟ್ಟಿದ್ದೆ?

ನಾನು: ಡೈವ್ ಬದಲು ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕಲಿಂಗ್ ಮಾಡಿಸಿ ಅಂತ ಕೇಳು, ನೀರಿನ ಮೇಲೇ ತೇಲುವುದರಿಂದ ಫ್ಲೈಟ್‌ಗೆ ತೊಂದರೆ ಇಲ್ಲ. ಲೈಫ್ ಜಾಕೆಟ್ ಹಾಕಿಕೋ. ಸುಸ್ತಾಯಿತು ಅಂತ ಹವಳದ ಮೇಲೆ ಕಾಲು ಊರಿ ನಿಲ್ಲಬೇಡ.

ವಿನು: ಸರಿ ಸರಿ ಸರಿ.

ಶೈಲತ್ತೆ: ತುಂಡು ವಾಪಸ್ ಹಾಕಿದ ಫೋಟೋ ಇನ್ನೂ ಬಂದಿಲ್ಲ ವಿನು.