ಹಣ್ಣು ನೊಣ ಅಂದರೆ ಯಾವ ನೊಣ? ರೆಕ್ಕೆ ನೋಡಿ ಹೆಸರಿಡಬಹುದೇ?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಪದ ಹೊಸದಲ್ಲ: ಹಣ್ಣು ನೊಣ. ರೈತರಿಗೆ ಹಂಚುವ ಕರಪತ್ರದಲ್ಲಿದೆ, ಔಷಧಿ ಅಂಗಡಿಯ ಡಬ್ಬಿ ಮೇಲಿದೆ, ಕಾಲೇಜಿನ ಪ್ರಾಣಿಶಾಸ್ತ್ರದ ನೋಟ್ಸಿನಲ್ಲೂ ಇದೆ. ಆದರೆ ಮೂರು ಕಡೆಯೂ ಅದು ಒಂದೇ ನೊಣವಲ್ಲ.

ಹೋದ ಮಳೆಗಾಲದಲ್ಲಿ ಆದದ್ದು ಹೇಳುತ್ತೇನೆ. ನವಲೂರಿನಲ್ಲಿ ನಮ್ಮ ಅಕ್ಕನ ಗಂಡ ಅರ್ಧ ಎಕರೆ ಹೀರೇಕಾಯಿ ಹಾಕಿದ್ದರು. ಎಳೆ ಕಾಯಿ ಸೊಟ್ಟಗಾಗಿ, ಒಂದು ಕಡೆ ಅಂಟು ಸೋರಿ, ಒಳಗೆ ಹುಳ ಬಿದ್ದು ಕೊಳೆಯುತ್ತಿತ್ತು. ಅಂಗಡಿಗೆ ಹೋಗಿ ಕೇಳಿದಾಗ ಹಣ್ಣು ನೊಣದ ಮೋಹಕ ಬಲೆ ಕೊಟ್ಟರು. ವಾರದೊಳಗೆ ಡಬ್ಬಿ ತುಂಬ ನೊಣ. ಮಾವನಿಗೆ ಖುಷಿ. ಆದರೆ ಹೀರೇಕಾಯಿ ಮೊದಲಿನ ಹಾಗೇ ಕೊಳೆಯಿತು. "ಡಬ್ಬಿ ತುಂಬ ಬಿದ್ದಾವು, ಕಾಯಿ ಮಾತ್ರ ಹುಳಕ. ಇದೆಂಥಾ ಲೆಕ್ಕ ತಮ್ಮಾ?" ಅಂತ ನನಗೆ ಫೋನ್ ಮಾಡಿದರು.

ಲೆಕ್ಕ ಹೀಗಿದೆ. ಆ ಬಲೆಯಲ್ಲಿದ್ದ ವಾಸನೆ ಮಿಥೈಲ್ ಯೂಜಿನಾಲ್. ಅದಕ್ಕೆ ಮರುಳಾಗಿ ಬರುವುದು ಮಾವು, ಪೇರಲಕ್ಕೆ ಬೀಳುವ ನೊಣ, ಅದೂ ಗಂಡು ಮಾತ್ರ. ಹೀರೆ, ಹಾಗಲ, ಸವತಿಗೆ ಬೀಳುವ ನೊಣವೇ ಬೇರೆ. ಅದರ ಗಂಡು ಬರುವುದು ಕ್ಯೂ ಲ್ಯೂರ್ ಅನ್ನುವ ಇನ್ನೊಂದು ವಾಸನೆಗೆ. ನವಲೂರು ಪೇರಲದ ಊರು, ಪಕ್ಕದಲ್ಲೇ ತೋಟ. ಅಲ್ಲಿಯ ನೊಣ ಬಂದು ಮಾವನ ಡಬ್ಬಿ ತುಂಬಿಸಿದವು. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರಿದ್ದದ್ದಕ್ಕೆ ಒಂದು ಬೆಳೆ ಹೋಯಿತು. ಅದಕ್ಕೇ ನನಗೆ ಇದು ಸುಮ್ನೆ ನಿಘಂಟಿನ ಮಾತು ಅನ್ನಿಸುವುದಿಲ್ಲ.

ಆಮೇಲೆ ಡಬ್ಬಿಯಲ್ಲಿದ್ದ ನೊಣಗಳನ್ನು ಬಿಳಿ ತಾಟಿನ ಮೇಲೆ ಸುರುವಿದೆವು. ಹೀರೇ ಬಳ್ಳಿಯ ಮೇಲಿಂದ ಹಿಡಿದ ಒಂದನ್ನು ಪಕ್ಕಕ್ಕೆ ಇಟ್ಟೆವು. ಲೆನ್ಸು ಹಿಡಿದು ಮೊದಲು ನೋಡಿದವಳು ನಮ್ಮವ್ವ. "ಇದಕ್ಕ ಸಣ್ಣ ದಡಿ ಐತಿ, ಅದಕ್ಕ ದಡಿ ಹೋಗಿ ತುದಿಗೆ ಸೆರಗ ಆಗೇತಿ ನೋಡು" ಅಂದಳು. ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಅನ್ನುತ್ತಾರೆ, ಗೊತ್ತಲ್ವಾ. ಅವ್ವ ಹೇಳಿದ್ದು ಅಕ್ಷರಶಃ ನಿಜ. ಪೇರಲದ ನೊಣ, ಶಾಸ್ತ್ರದಲ್ಲಿ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಅದರ ರೆಕ್ಕೆಯ ಮುಂದಿನ ಅಂಚಿನಲ್ಲಿ ತೆಳ್ಳನೆಯ ಕಂದು ಪಟ್ಟಿ, ಕೊನೆಯವರೆಗೂ ತೆಳ್ಳಗೇ ಇರುತ್ತದೆ. ಹೀರೆಯ ನೊಣ ಝ್ಯೂಗೊಡೇಕಸ್ ಕುಕುರ್ಬಿಟೇ. ಅದರಲ್ಲಿ ಆ ಪಟ್ಟಿ ತುದಿಗೆ ಬರುತ್ತ ಅಗಲವಾಗಿ ದೊಡ್ಡ ಕಲೆಯಾಗುತ್ತದೆ, ರೆಕ್ಕೆಯ ನಡುವೆ ಒಂದು ಅಡ್ಡ ಪಟ್ಟೆಯೂ ಕಾಣುತ್ತದೆ. ಮೈ ಇಟ್ಟಂಗಿ ಕೆಂಪು. ಪುಸ್ತಕದಲ್ಲಿ ಇದನ್ನು ಹೇಳುವುದಕ್ಕೆ ಅರ್ಧ ಪುಟ ಬೇಕಾಗುತ್ತದೆ. ಅವ್ವನಿಗೆ ಎರಡು ಪದ ಸಾಕಾಯಿತು.

ಈಗ ಇವುಗಳ ಕುಲಗೋತ್ರ. ಇವೆಲ್ಲ ಡಿಪ್ಟೆರಾ ಗಣದವು, ಅಂದರೆ ಎರಡೇ ರೆಕ್ಕೆಯ ಹುಳಗಳು. ಹಿಂದಿನ ಜೋಡಿ ರೆಕ್ಕೆ ಇರಬೇಕಾದ ಜಾಗದಲ್ಲಿ ಪುಟ್ಟ ಗುಂಡಿನಂಥ ಎರಡು ಕಡ್ಡಿ ಇರುತ್ತವೆ, ಹಾರುವಾಗ ಸಮತೋಲಕ್ಕೆ. ಈ ಗಣದೊಳಗೆ ಟೆಫ್ರಿಟಾಯ್ಡಿಯಾ ಅನ್ನುವ ದೊಡ್ಡ ಬಳಗವಿದೆ. ರೆಕ್ಕೆಯ ಮೇಲೆ ಪಟ್ಟಿ, ಚುಕ್ಕಿ, ಕಲೆ ಇರುವ ನೊಣಗಳು ಹೆಚ್ಚಾಗಿ ಇಲ್ಲಿಯವೇ. ಇಂಗ್ಲಿಷಿನಲ್ಲಿ ಪಿಕ್ಚರ್ ವಿಂಗ್ಡ್ ಫ್ಲೈ ಅನ್ನುತ್ತಾರೆ. ಬಿಗಿಯಾಗಿ ಹೇಳಿದರೆ ಆ ಹೆಸರು ಯುಲಿಡಿಡೇ ಕುಟುಂಬದ್ದು. ಸಡಿಲವಾಗಿ ಪಕ್ಕದ ಕುಟುಂಬಗಳಿಗೂ ಹಚ್ಚುತ್ತಾರೆ. ಯುಲಿಡಿಡೇಯ ಮರಿಹುಳಗಳು ಹೆಚ್ಚಾಗಿ ಕೊಳೆತ ಗಿಡ, ಸೊಪ್ಪು ತಿಂದುಕೊಂಡು ಇರುತ್ತವೆ. ಪ್ಲಾಟಿಸ್ಟೊಮ್ಯಾಟಿಡೇ ಇನ್ನೊಂದು ಕುಟುಂಬ, ಹೆಸರಿನ ಅರ್ಥ ಅಗಲ ಬಾಯಿ. ಎಲ್ಲಕ್ಕಿಂತ ದೊಡ್ಡದು ಟೆಫ್ರಿಟಿಡೇ, 4,000ಕ್ಕೂ ಜಾಸ್ತಿ ಪ್ರಭೇದಗಳು. ನಮ್ಮ ಹೀರೆ, ಪೇರಲದ ನೊಣಗಳು ಇದರವು.

ಟೆಫ್ರಿಟಿಡೇಯನ್ನು ಗುರುತಿಸುವ ಒಂದು ಗುಟ್ಟು ರೆಕ್ಕೆಯ ನರದಲ್ಲಿದೆ. ಮುಂದಿನ ಅಂಚಿನ ಹತ್ತಿರ ಓಡುವ ಒಂದು ತೆಳು ನರ ತಟ್ಟನೆ ಮೂಲೆ ತಿರುಗಿದ ಹಾಗೆ ಅಂಚಿನ ಕಡೆ ಬಾಗಿ ಅಲ್ಲೇ ಮಾಸಿಹೋಗುತ್ತದೆ. ಯುಲಿಡಿಡೇಯಲ್ಲಿ ಅಂಥ ತಿರುವು ಇರುವುದಿಲ್ಲ. ಇನ್ನೊಂದು ಲಕ್ಷಣಕ್ಕೆ ಲೆನ್ಸೂ ಬೇಡ. ಎಲೆಯ ಮೇಲೆ ಕೂತಾಗ ಇವು ರೆಕ್ಕೆಯನ್ನು ಅಗಲಿಸಿ, ಒಮ್ಮೆ ಎಡ ಒಮ್ಮೆ ಬಲ, ದೋಣಿಗೆ ಹುಟ್ಟು ಹಾಕಿದ ಹಾಗೆ ಆಡಿಸುತ್ತ ನಡೆಯುತ್ತವೆ. ಮನೆಯ ನೊಣ ಹಾಗೆ ಮಾಡುವುದಿಲ್ಲ. ಆ ಆಟ ಹೆಣ್ಣನ್ನು ಕರೆಯುವುದಕ್ಕೆ, ಇನ್ನೊಂದು ಗಂಡನ್ನು ಓಡಿಸುವುದಕ್ಕೆ. ಅಮೆರಿಕದ ಒಂದು ಪ್ರಭೇದದ ರೆಕ್ಕೆಯ ಪಟ್ಟಿಗಳು ಜಿಗಿಯುವ ಜೇಡದ ಕಾಲಿನ ಹಾಗೆ ಕಂಡು, ತಿನ್ನಲು ಬಂದ ಜೇಡವೇ ಹಿಂದೆ ಸರಿಯುತ್ತದೆ ಎಂದು 1987ರಲ್ಲಿ ತೋರಿಸಿದ್ದಾರೆ.

ಕಾಲೇಜಿನ ನೋಟ್ಸಿನ ಹಣ್ಣು ನೊಣ ಮಾತ್ರ ಬೇರೆಯೇ ಮನೆತನ. ಅದು ಡ್ರೊಸೊಫಿಲಾ, ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ ಸಾಸಿವೆಯಷ್ಟು ಹುಳ. ಅದು ಹೆಚ್ಚಾಗಿ ಹುಳಿ ಬಂದ ಹಣ್ಣಿಗೆ ಬರುತ್ತದೆ, ಗಟ್ಟಿ ಕಾಯಿಗೆ ಚುಚ್ಚುವುದಿಲ್ಲ. ಟೆಫ್ರಿಟಿಡೇಯ ಹೆಣ್ಣಿಗೆ ಹಿಂದೆ ಸೂಜಿಯಂಥ ಅಂಗವಿದೆ, ಒಳ್ಳೆಯ ಕಾಯಿಗೇ ಚುಚ್ಚಿ ಸಿಪ್ಪೆ ಕೆಳಗೆ ಮೊಟ್ಟೆ ಇಡುತ್ತದೆ. ನಮ್ಮ ಮನೆಯಲ್ಲಿ ಬಾಳೆಹಣ್ಣಿನ ಹುಳಕ್ಕೆ ಗುಂಗಾಡು ಅನ್ನುತ್ತಾರೆ, ಸೊಳ್ಳೆಗೂ ಅದೇ ಮಾತು. ಡ್ರೊಸೊಫಿಲಾಕ್ಕೆ ಹುಳಿನೊಣ ಅಂದರೆ ಹೇಗೆ?

ನೊಣ ಅನ್ನುವ ಪದದ ಹರವನ್ನೂ ನೋಡಬೇಕು. ಜೇನುನೊಣಕ್ಕೆ ನಾಲ್ಕು ರೆಕ್ಕೆ, ಅದು ಡಿಪ್ಟೆರಾ ಅಲ್ಲ. ಹತ್ತಿಗೆ ಬೀಳುವ ಬಿಳಿ ನೊಣಕ್ಕೂ ನಾಲ್ಕು ರೆಕ್ಕೆ, ಅದು ಗಿಡದ ಹೇನು, ಜಿಗಿಹುಳಗಳ ಕಡೆಯದು. ಆದರೆ ಎರಡೇ ರೆಕ್ಕೆಯ ಸೊಳ್ಳೆಯನ್ನು ನಾವು ನೊಣ ಅನ್ನುವುದಿಲ್ಲ. ಇಂಗ್ಲಿಷಿನವರು ನಿಜವಾದ ನೊಣವಾದರೆ ಫ್ಲೈ ಪದವನ್ನು ಬಿಡಿಸಿ ಬರೆಯುತ್ತಾರೆ, ಬಟರ್‌ಫ್ಲೈ, ಡ್ರ್ಯಾಗನ್‌ಫ್ಲೈಗಳಲ್ಲಿ ಕೂಡಿಸಿ ಬರೆಯುತ್ತಾರೆ. ನಮಗೆ ಆ ಕಟ್ಟಳೆ ಇಲ್ಲ, ಬೇಕಾಗಿಯೂ ಇಲ್ಲ. ನೊಣ ನಮಗೆ ಹಳೆಯ ಪದ, ಶಾಸ್ತ್ರದ ಗಡಿಗೆ ಅದನ್ನು ಕತ್ತರಿಸುವುದು ತಪ್ಪು. ಅದರ ಮುಂದೆ ಕೂರಿಸುವ ಪದ ಸರಿಯಾಗಿದ್ದರೆ ಸಾಕು.

ಇಡೀ ಟೆಫ್ರಿಟಾಯ್ಡಿಯಾ ಬಳಗಕ್ಕೆ ಚಿತ್ತಾರ ನೊಣ ಎಂಬ ಹೆಸರು ನನಗೆ ಹೊಳೆದಿದೆ. ಮಲೆನಾಡಿನವರಿಗೆ ಚಿತ್ತಾರ ಗೋಡೆಯ ಮೇಲಿನದು, ಧಾರವಾಡದ ಕಡೆ ಅದು ಸ್ವಲ್ಪ ಪುಸ್ತಕದ ಮಾತು. ಮೈ ತುಂಬ ಮಚ್ಚೆಯಿದ್ದರೆ ಹಂಡ ಆಕಳು ಅನ್ನುವ ಹಾಗೆ ಹಂಡ ನೊಣ ಅಂದರೆ ರೈತರಿಗೆ ತಟ್ಟನೆ ತಿಳಿಯುತ್ತದೆ. ಆದರೆ ಹಂಡ ಮೈಯ ಬಣ್ಣಕ್ಕೆ ಸಲ್ಲುವ ಮಾತು, ರೆಕ್ಕೆಗೆ ಒಗ್ಗುತ್ತದೆಯೇ? ಇನ್ನೊಂದು ತೊಡಕೂ ಇದೆ. ಯುಲಿಡಿಡೇಯ ಫೈಸಿಫೊರಾದಂಥ ಕೆಲವಕ್ಕೆ ರೆಕ್ಕೆ ಗಾಜಿನ ಹಾಗೆ ಖಾಲಿ. ಅವನ್ನೂ ಚಿತ್ತಾರ ನೊಣ ಅನ್ನಬೇಕಾಗುತ್ತದೆ. ಅದು ನನಗೆ ಅಡ್ಡಿ ಅನ್ನಿಸುವುದಿಲ್ಲ, ಮನೆತನದ ಹೆಸರು ಎಲ್ಲ ಮಕ್ಕಳಿಗೂ ಬರುತ್ತದೆ.

ಒಳಗಿನ ಗುರುತಿಗೆ ಮಾತ್ರ ಸೀರೆಯ ಪದಗಳೇ ಇರಲಿ ಎಂದು ನನ್ನ ಆಸೆ. ದಡಿ, ಸೆರಗು, ಬುಟ್ಟಾ. ಪೇರಲದ್ದು ಸಣ್ಣ ದಡಿಯ ನೊಣ, ಹೀರೆಯದು ಸೆರಗಿನ ನೊಣ. ಡಬ್ಬಿಯ ಮೇಲೆ ಇಷ್ಟು ಬರೆದಿದ್ದರೆ ಮಾವ ಅಂಗಡಿಯಲ್ಲೇ ಕೇಳುತ್ತಿದ್ದರು.

ಇನ್ನು ಬುಟ್ಟಾದ್ದು. ಎರೆ ಹೊಲದ ಕುಸುಬಿಗೂ ಇದೇ ಕುಟುಂಬದ ನೊಣ ಬೀಳುತ್ತದೆ, ಅಕ್ಯಾಂಥಿಯೊಫಿಲಸ್ ಹೀಲಿಯಾಂಥಿ. ಬೂದಿ ಬಣ್ಣದ ಮೈ, ರೆಕ್ಕೆ ತುಂಬ ಮಸುಕು ಚುಕ್ಕಿ. ಟೆಫ್ರಿಟಿಡೇ ಹೆಸರಿನ ಬೇರಿಗೂ ಗ್ರೀಕಿನಲ್ಲಿ ಬೂದಿ ಬಣ್ಣ ಅಂತಲೇ ಅರ್ಥ. ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ, ಹುಳ ಒಳಗೇ ತಿಂದು ಮೊಗ್ಗು ಕೊಳೆತು ನಾರುತ್ತದೆ. ಹೊಲದಲ್ಲಿ ಜನ ಹುಳಕ್ಕೆ ಹೆಸರು ಹೇಳುತ್ತಾರೆ, ಕೊಳೆತ ಮೊಗ್ಗಿಗೂ ಹೇಳುತ್ತಾರೆ. ಹಾರಿಹೋದ ನೊಣಕ್ಕೆ ಹೆಸರು ನನ್ನ ಕಿವಿಗೆ ಬಿದ್ದಿಲ್ಲ. ಅಣ್ಣಿಗೇರಿ, ನರಗುಂದ, ರೋಣದ ಕಡೆ ಕುಸುಬಿ ಬೆಳೆಯುವ ಮನೆಯವರು ನಿಮ್ಮಲ್ಲಿದ್ದರೆ, ಮನೆಯ ಹಿರಿಯರಿಗೆ ಆ ನೊಣವನ್ನೇ ತೋರಿಸಿ ಏನನ್ನುತ್ತಾರೆ ಕೇಳಿ. ಅವರ ಬಾಯಲ್ಲಿ ಬಂದ ಹಾಗೆಯೇ, ತಿದ್ದದೆ ಬರೆದು ಕಳಿಸಿ.