ನಿವೃತ್ತಿ ಆದಮೇಲೆ ಗಂಡ ಹೆಂಡತಿ ಇಬ್ಬರೂ ದೂರದೂರಿಗೆ ಸೇವೆಗೆ ಹೋಗಿ ಬಂದವರು ಇದ್ದೀರಾ?

ತ್ಯಾಗರಾಜನಗರದವ:

ನಮಸ್ಕಾರ. ನನಗೆ 63, ಮನೆಯವಳಿಗೆ 60. ಬ್ಯಾಂಕಿನಿಂದ ನಿವೃತ್ತಿಯಾಗಿ ಮೂರು ವರ್ಷ. ಮಗ ಪುಣೆಯಲ್ಲಿದ್ದಾನೆ. ವಾಕಿಂಗ್, ಪೇಪರ್, ತಿಂಡಿ ಮುಗಿಯುವಷ್ಟರಲ್ಲಿ ಹತ್ತು ಗಂಟೆ, ಆಮೇಲೆ ಸಂಜೆ ತನಕ ಏನು ಮಾಡೋದು ಅಂತಲೇ ತೋಚಲ್ಲ. ಬುಲ್ ಟೆಂಪಲ್ ರೋಡಿನ ರಾಮಕೃಷ್ಣ ಆಶ್ರಮಕ್ಕೆ ಕಾಲೇಜು ದಿನಗಳಿಂದ ಹೋಗುತ್ತಿದ್ದೇನೆ. ಅಲ್ಲಿ ಪರಿಚಯವಾದ ಒಬ್ಬರು, ಅರುಣಾಚಲದ ಒಂದು ವಸತಿ ಶಾಲೆಗೆ ಲೆಕ್ಕಪತ್ರ ನೋಡಿಕೊಳ್ಳುವವರು ಬೇಕು, ಒಂದು ವರ್ಷ ಇರಬೇಕು, ಊಟ ವಸತಿ ಅವರದು, ಸಂಬಳ ಇಲ್ಲ ಎಂದರು. ನನಗಂತೂ ಅವತ್ತಿಂದ ಅದೇ ಧ್ಯಾನ.

ಕೇಳಬೇಕಾದ್ದು ಇಷ್ಟು. ಈ ವಯಸ್ಸಲ್ಲಿ ಅಷ್ಟು ದೂರ ಸರಿಯಾ? ನಾನು ಬಿಪಿ ಮಾತ್ರೆ ತಗೊಳ್ತೇನೆ. ಪೆನ್ಷನ್ನು, ಮನೆ, ಇವನ್ನೆಲ್ಲ ಹೇಗೆ ಸಂಭಾಳಿಸಿದಿರಿ? ನಿಜವಾಗಿ ಅಲ್ಲಿ ನಮ್ಮಂಥವರು ಬೇಕಾ, ಇಲ್ಲ ಹೋಗಿ ಭಾರ ಆಗ್ತೀವಾ?

ಮಾಜಿ ಮೇಷ್ಟ್ರು:

ಸರ್, ನಾವು 2017ರಲ್ಲಿ ಹೋಗಿ 14 ತಿಂಗಳು ಇದ್ದು ಬಂದೆವು. ಅರುಣಾಚಲವೇ. ಸಣ್ಣ ಜಾಗ, ಹೆಸರು ಹೇಳಿದರೆ ಯಾರು ಏನು ಅಂತ ಎಲ್ಲ ಗೊತ್ತಾಗುತ್ತೆ, ಬೇಡ. ನಮ್ಮಂಥವರು ಹೋಗೋದು ಹೊಸದೇನಲ್ಲ. ರಾಮಕೃಷ್ಣ ಮಿಷನ್ ಅರುಣಾಚಲದ ಆಲೋ ಊರಿನಲ್ಲಿ 1966ರಿಂದ ಶಾಲೆ ನಡೆಸುತ್ತಿದೆ. ಏಕನಾಥ ರಾನಡೆಯವರು 1972ರಲ್ಲಿ ಕನ್ಯಾಕುಮಾರಿಯಲ್ಲಿ ಕಟ್ಟಿದ ವಿವೇಕಾನಂದ ಕೇಂದ್ರದ ಶಾಲೆಗಳು ಅಲ್ಲಿ 1977ರಲ್ಲಿ ಶುರುವಾದವು, ಕೆಲಸದಿಂದ ನಿವೃತ್ತರಾಗಿ ಬಂದು ಸೇರುವವರಿಗೆ ಅವರು ವಾನಪ್ರಸ್ಥಿ ಅಂತ ಹೆಸರನ್ನೇ ಇಟ್ಟಿದ್ದಾರೆ.

ಮೊದಲ ಪೆಟ್ಟು ಕತ್ತಲೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ ಕತ್ತಲಾಗುತ್ತೆ. ದೇಶದ ಪೂರ್ವದ ತುದಿ, ಗಡಿಯಾರ ಮಾತ್ರ ನಮ್ಮದೇ. ಇಲ್ಲಿ ನಾವು ಎರಡನೇ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ಹಾಸಿಗೆ ಹಾಸಬೇಕು ಅನ್ನಿಸೋದು. ಎರಡು ವಾರ ನನ್ನ ಹೆಂಡತಿ ಸಂಜೆ ಆದರೆ ಸುಮ್ನೆ ಅಳುತ್ತಿದ್ದಳು.

ಎರಡನೇ ಪೆಟ್ಟು ನನಗೇ ಬಿತ್ತು. 31 ವರ್ಷ ಮೇಷ್ಟ್ರು, ಕೊನೆಗೆ ಹೆಡ್‌ಮಾಸ್ಟರ್. ಹೋದ ತಕ್ಷಣ ನನಗೆ ಗಣಿತದ ಕ್ಲಾಸು ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟಿದ್ದು ಸ್ಟೋರ್ ರೂಮಿನ ಬೀಗದ ಕೈ. ಕಂಬಳಿ ಎಣಿಸಬೇಕು, ಹರಿದದ್ದು ಬೇರೆ ಇಡಬೇಕು, ಪಟ್ಟಿಯನ್ನು ಆಫೀಸಿನ ಹುಡುಗನಿಗೆ ಒಪ್ಪಿಸಬೇಕು. ಅವನಿಗೆ 26 ವರ್ಷ ಇರಬಹುದು, ನನ್ನ ಪಟ್ಟಿ ನೋಡಿ ಹೀಗಲ್ಲ ಅಂಕಲ್ ಎಂದು ವಾಪಸ್ ಕೊಟ್ಟ. ಅವತ್ತು ರಾತ್ರಿ ಬೆಂಗಳೂರಿಗೆ ಟಿಕೆಟ್ ಎಷ್ಟು ಅಂತ ಮೊಬೈಲಲ್ಲಿ ನೋಡಿದ್ದೆ, ಹೆಂಡತಿಗೆ ಹೇಳಲಿಲ್ಲ. ಮೂರನೇ ತಿಂಗಳು ಗಣಿತ ಸಿಕ್ಕಿತು. ಅಷ್ಟರಲ್ಲಿ ಕಂಬಳಿ ಎಣಿಸೋದೇ ಅಭ್ಯಾಸ ಆಗಿಹೋಗಿತ್ತು!

ಅವಳಿಗೆ ಅಂಥ ಕಷ್ಟ ಆಗಲಿಲ್ಲ. ಭಾನುವಾರ ಬೋರ್ನ್‌ವೀಟಾ ಡಬ್ಬಿಯಲ್ಲಿ ಗುಂಡಿ, ಸೂಜಿ, ದಾರ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರೆ ಮಕ್ಕಳು ಅಂಗಿ ಬಿಚ್ಚಿ ಹಿಡಿದು ಸಾಲು ನಿಲ್ಲುತ್ತಿದ್ದವು. ಹಿಂದಿ ಅವಳಿಗೆ ಬಟ್ಟಲು ಲೋಟದಷ್ಟೇ ಬರೋದು. ಆದರೂ ಎರಡು ತಿಂಗಳಲ್ಲಿ ಎಲ್ಲರಿಗೂ ದೀದಿ. ಒಂದು ದಿನ ಆಸೆಯಿಂದ ಹುಳಿ ಮಾಡಿ ಇಂಗಿನ ಒಗ್ಗರಣೆ ಕೊಟ್ಟಳು, ಏನೋ ನಾರುತ್ತಿದೆ ಅಂತ ಮಕ್ಕಳು ಮೂಗು ಮುಚ್ಚಿಕೊಂಡವು. ನಾವು ಅಲ್ಲಿಯ ಸಾಸಿವೆ ಎಣ್ಣೆಗೆ ಮೂಗು ಮುರಿದಿದ್ದಕ್ಕೆ ಸರಿಹೋಯಿತು. ಯುಗಾದಿಗೆ ಬೇವು ಸಿಗಲಿಲ್ಲ. ಹಾಗಲಕಾಯಿ ಸಣ್ಣಗೆ ಹೆಚ್ಚಿ ಬೆಲ್ಲಕ್ಕೆ ಹಾಕಿ ಹಂಚಿದಳು. ಒಬ್ಬ ಹುಡುಗ ಬೆಲ್ಲ ತಿಂದು ಹಾಗಲಕಾಯಿ ವಾಪಸ್ ನನ್ನ ಕೈಗಿಟ್ಟ.

ಬಿಪಿ ವಿಷಯ ಹಗುರವಾಗಿ ತಗೋಬೇಡಿ. ನನಗೆ ಕಿಡ್ನಿ ಕಲ್ಲಿನ ನೋವು ಬಂದಿದ್ದು ಮಳೆಗಾಲದಲ್ಲಿ, ಗುಡ್ಡ ಕುಸಿದು ರಸ್ತೆ ಬಂದ್. ಜೀಪಿನಲ್ಲಿ ಸುತ್ತಿ ಬಳಸಿ ದೊಡ್ಡ ಆಸ್ಪತ್ರೆ ಮುಟ್ಟೋಕೆ ಒಂಬತ್ತು ಗಂಟೆ ಹಿಡಿಯಿತು. ಕಡಿಮೆ ಅಂದ್ರೂ ಮೂರು ತಿಂಗಳ ಮಾತ್ರೆ ಇಟ್ಟುಕೊಳ್ಳಿ. ಇನ್ನರ್ ಲೈನ್ ಪರ್ಮಿಟ್ ಇಲ್ಲದೆ ರಾಜ್ಯದೊಳಗೆ ಬಿಡಲ್ಲ, ಅವಧಿ ಮುಗಿಯುವ ಮುಂಚೆ ಮತ್ತೆ ಮಾಡಿಸಬೇಕು.

ಸಾರು ಮೇಡಂ:

ಒಂದು ಗಮನಿಸಿದೆ. ಇಷ್ಟು ಬರೆದಿದ್ದೀರಿ, ನಿಮ್ಮ ಮನೆಯವರು ಏನಂದರು ಅನ್ನೋದು ಒಂದು ಸಾಲೂ ಇಲ್ಲ. ನಿಮಗೆ ಲೆಕ್ಕಪತ್ರ. ಅವರಿಗೆ?

ಕೋಪ ಮಾಡ್ಕೋಬೇಡಿ, ನನ್ನ ಅನುಭವ ಹೇಳ್ತೀನಿ. ನಮ್ಮವರು ರಿಟೈರ್ ಆದ ವರ್ಷವೇ ಒಂದು ಆಶ್ರಮಕ್ಕೆ ಆರು ತಿಂಗಳು ಅಂತ ಹೊರಡಿಸಿದರು. ನಾನು 29 ವರ್ಷ ಸರ್ಕಾರಿ ಆಫೀಸಿನಲ್ಲಿ ಫೈಲು ನೋಡಿದವಳು. ಅಲ್ಲಿ ಯಾರೂ ಕೇಳಲೇ ಇಲ್ಲ, ನೇರ ಅಡುಗೆಮನೆಗೆ ಕಳಿಸಿದರು. ದಿನಾ 80 ಜನಕ್ಕೆ ಸಾರು. ಅವರಿಗೆ ಬೆಳಿಗ್ಗೆ ಉಪನ್ಯಾಸ, ಸಂಜೆ ಸತ್ಸಂಗ. ರಾತ್ರಿ ಬಂದು ಇವತ್ತು ಎಂಥಾ ಒಳ್ಳೆ ಮಾತು ಹೇಳಿದರು ಗೊತ್ತಾ ಅನ್ನೋರು, ನನಗೆ ಸೊಂಟ ನೋವು. ಸೇವೆ ಅಂದಮೇಲೆ ಬೇಜಾರು ಮಾಡ್ಕೋಬಾರದು ಅಂತ ನಾನೂ ಬಾಯಿಬಿಡಲಿಲ್ಲ, ಅದು ನನ್ನದೇ ತಪ್ಪು. ನಾಲ್ಕನೇ ತಿಂಗಳು ಬಾಯಿಬಿಟ್ಟೆ. ಅದೇ ವಾರ ವಾಪಸ್ ಬಂದೆವು.

ಹೋಗಬೇಡಿ ಅಂತಿಲ್ಲ. ಇಬ್ಬರಿಗೂ ಏನು ಕೆಲಸ, ದಿನಕ್ಕೆ ಎಷ್ಟು ಹೊತ್ತು, ಅಂತ ಮೊದಲೇ ಬರೆದು ಕೇಳಿ.

ಕುಕ್ ಟೌನ್ ಕೆಳಗಿನ ಮನೆ:

ನಾನು ಎಲ್ಲೂ ಹೋದವನಲ್ಲ, ಆದರೆ ಇದರ ಉಲ್ಟಾ ನೋಡಿದ್ದೇನೆ. ಕೆಲವು ವರ್ಷ ಹಿಂದೆ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದವರು ಅಮೆರಿಕದ ನಿವೃತ್ತ ದಂಪತಿ. ಮಾರ್ಮನ್ ಅಂತಾರಲ್ಲ, ಆ ಚರ್ಚಿನವರು. ಅವರಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮಿಷನ್‌ಗೆ ಹೋಗ್ತಾರೆ. ಹಾಗೇ ವಯಸ್ಸಾದ ಗಂಡ ಹೆಂಡತಿಯೂ ಹೋಗಬಹುದು, 6 ತಿಂಗಳಿಂದ 23 ತಿಂಗಳವರೆಗೆ, ತಮ್ಮದೇ ಖರ್ಚಿನಲ್ಲಿ. ಹುಡುಗರಷ್ಟು ಕಟ್ಟುನಿಟ್ಟಿನ ದಿನಚರಿ ಅವರಿಗಿಲ್ಲ. ಎದೆ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಆಯಪ್ಪ ಚರ್ಚಿನ ಆಫೀಸು ನೋಡಿಕೊಳ್ಳುತ್ತಿದ್ದರು, ಆಯಮ್ಮ ವೀಲ್‌ಚೇರ್ ಹಂಚುವ ಕೆಲಸಕ್ಕೆ ಓಡಾಡುತ್ತಿದ್ದರು.

ಮೊದಲ ತಿಂಗಳು ಆಟೋದವರು ಅವರನ್ನು ಎಷ್ಟು ಬೋಳಿಸಿದರೋ ದೇವರಿಗೇ ಗೊತ್ತು. ಆಮೇಲೆ ಆಯಮ್ಮನೇ ಜಾಸ್ತಿ ಆಯ್ತು ಅನ್ನೋದು ಕಲಿತರು, ಅದೊಂದೇ ಕನ್ನಡ, ಸೊಪ್ಪಿನವಳ ಹತ್ತಿರ ಹೇಳಿ ಹೇಳಿ ನಗೋರು. ಇವರ ಮೊಮ್ಮಗಳು ಹುಟ್ಟಿದ ದಿನ ನಮ್ಮ ಮನೆಗೆ ಬಂದು ಫೋನಿನಲ್ಲಿ ಮಗುವಿನ ಫೋಟೋ ತೋರಿಸಿದರು. ತೋರಿಸಿ, ಕೂತುಬಿಟ್ಟರು. ಹತ್ತು ನಿಮಿಷ ಮಾತಿಲ್ಲ. ನಮ್ಮವಳು ಕಾಫಿ ಕೊಡೋಕೆ ಹೋದಳು, ಅವರು ಕಾಫಿ ಟೀ ಮುಟ್ಟಲ್ಲ ಅಂತ ಆಮೇಲೆ ನೆನಪಾಗಿ ಮಜ್ಜಿಗೆ ಕೊಟ್ಟಳು. ಮಗನಿಗೆ ಮಕ್ಕಳು ಆಗೋದಿದ್ದರೆ ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ ಸರ್, ಅಷ್ಟೇ.

ಪೆನ್ಷನರ್_560050:

ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್‌ಗೆ ಊರಿಗೆ ಬರಬೇಕಾಗಿಲ್ಲ. ಅದನ್ನು ಆನ್‌ಲೈನಿನಲ್ಲೇ ಕೊಡುವ ಜೀವನ್ ಪ್ರಮಾಣ್ 2014ರಿಂದ ಇದೆ, ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತೆ. ನಿಮ್ಮ ಪೆನ್ಷನ್ನಿಗೆ ಅದು ನಡೆಯುತ್ತಾ ಅಂತ ಬ್ಯಾಂಕಿನಲ್ಲಿ ಕೇಳಿಕೊಂಡು, ಇಲ್ಲಿದ್ದಾಗಲೇ ಒಂದು ಸಲ ಮಾಡಿ ನೋಡಿ. ಮನೆಯ ಕೀ ಪಕ್ಕದ ಮನೆಗೆ, ಗ್ಯಾಸ್ ರೆಗ್ಯುಲೇಟರ್ ಬಿಚ್ಚಿಡಿ, ತುಳಸಿಗೆ ನೀರು ಹಾಕೋಕೆ ಯಾರಿಗಾದರೂ ಹೇಳಿ. ಒಂದು ವರ್ಷಕ್ಕೆ ಮುಂಚೆ, ನಿಮ್ಮ ವಯಸ್ಸಿನವರನ್ನು ತಗೊಳ್ತಾರಾ ಅಂತ ಕೇಳಿಕೊಂಡು, ಒಂದು ವಾರ ಇಬ್ಬರೂ ತಿರುಮಲದ ಶ್ರೀವಾರಿ ಸೇವೆ ಮಾಡಿ ಬನ್ನಿ. ಕ್ಯೂ ನೋಡ್ಕೊಳ್ಳೋದು, ಅನ್ನಪ್ರಸಾದಕ್ಕೆ ತರಕಾರಿ ಹೆಚ್ಚೋದು. ಸೊಂಟ ಎಷ್ಟು ತಡೆಯುತ್ತೆ ಅಂತ ಗೊತ್ತಾಗುತ್ತೆ.

ತ್ಯಾಗರಾಜನಗರದವ:

ಎಲ್ಲರಿಗೂ ಥ್ಯಾಂಕ್ಸ್. ಸಾರು ಮೇಡಂ ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ಅವಳು ಹದಿನೈದು ದಿನದಿಂದ ಇದನ್ನೇ ಹೇಳಬೇಕು ಅಂತಿದ್ದಳಂತೆ, ನಾನು ಅರುಣಾಚಲದ ಮ್ಯಾಪ್ ತೋರಿಸ್ತಾ ಇದ್ದೆ. ಅವಳ ಮಾತು ಹೀಗೆ: ಒಂದು ವರ್ಷ ಇಲ್ಲ, ಮೊದಲು ಮೂರು ತಿಂಗಳು. ಅಡುಗೆಮನೆ ಬೇಡ. ಹೊಲಿಗೆ ಬರುತ್ತೆ, ಅದಾದರೆ ಸರಿ. ಮೇಷ್ಟ್ರೇ, ಅಂಥ ಕಡೆ ಹೊಲಿಗೆ ಮಷಿನ್ ಇರುತ್ತಾ ಅಂತ ಕೇಳ್ತಿದ್ದಾಳೆ.

ಮಾಜಿ ಮೇಷ್ಟ್ರು:

ನಾವಿದ್ದ ಕಡೆ ಎರಡಿದ್ದವು, ಕಾಲಲ್ಲಿ ತುಳಿಯುವಂಥವು. ಒಂದಕ್ಕೆ ಬೆಲ್ಟ್ ಇರಲಿಲ್ಲ, ನಾವು ಬರೋವರೆಗೂ ಯಾರೂ ಹಾಕಿಸಲಿಲ್ಲ. ಬೆಲ್ಟು, ಬಾಬಿನ್ನು, ಸೂಜಿ ಇಲ್ಲಿಂದಲೇ ತಗೊಂಡು ಹೋಗಲಿ ಅಮ್ಮ. ಗುಂಡಿಯೂ ಜಾಸ್ತಿ ಇರಲಿ, ಬಿಳಿಯದು.