ಅಲೈನ್‌ಮೆಂಟ್‌ಗೆ ಮುಂಚೆ ಕಾರಿನ ಮುಂಭಾಗದಲ್ಲಿ ಏನೇನು ನೋಡಬೇಕು?

ಪ್ರಶ್ನೆ: ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸೋದು) ಮಾಡಿಸಿ ಇನ್ನೂ ಜಾಸ್ತಿ ದಿನ ಆಗಿಲ್ಲ, ಕಾರು ಮತ್ತೆ ಎಡಕ್ಕೆ ಎಳೀತಿದೆ. ಮುಂದಿನ ಎರಡೂ ಟೈರ್ ಒಳಗಡೆ ಅಂಚಿನಲ್ಲಿ ಸವೆದಿವೆ. ಇನ್ನೊಂದು ಸಲ ದುಡ್ಡು ಹಾಕೋ ಮೊದಲು ನಾನೇ ನೋಡಬಹುದಾದದ್ದು ಏನಿದೆ? ಅನುಭವ ಇರುವವರು ದಯವಿಟ್ಟು ಹೇಳಿ.

—

ಖಂಡಿತ ನೋಡಿ. ಅಲೈನ್‌ಮೆಂಟ್ ಮೆಷಿನ್ ಅಳೆಯೋದು ನಿಂತಿರೋ ಕಾರನ್ನ. ಯಾವುದಾದರೂ ಜಾಯಿಂಟ್‌ನಲ್ಲಿ ಪ್ಲೇ (ಸಡಿಲ) ಇದ್ರೆ, ಅಲ್ಲಿ ಕೂರಿಸಿದ ಅಳತೆ ರಸ್ತೆಗೆ ಇಳಿದ ಮೇಲೆ ನಿಲ್ಲಲ್ಲ.

ಮೊದಲು ಟೈರ್ ತಣ್ಣಗಿದ್ದಾಗ ಗಾಳಿ ಸರಿಯಾಗಿ ಹಿಡಿಸಿ. ಆಮೇಲೆ ಟೈರಿನ ಮೇಲೆ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಅಂಗೈ ಸವರಿ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಥರ ಕೈಗೆ ತಾಗಿದ್ರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ತಪ್ಪಿದೆ ಅಂತ. ಅಲ್ಲಲ್ಲಿ ತಗ್ಗು ಬಿದ್ದಿದ್ರೆ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ಕಡೆ ನೋಡಿ.

ಈಗ ಟೈ ರಾಡ್, ಅಂದ್ರೆ ಸ್ಟೀರಿಂಗ್ ತಿರುಗಿದ್ದನ್ನ ಚಕ್ರಕ್ಕೆ ಮುಟ್ಟಿಸೋ ಸರಳು. ಇದಕ್ಕೆ ಜಾಕ್ ಬೇಡ, ಚಕ್ರ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿರಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಲಿ. ನೀವು ಟೈ ರಾಡ್ ಎಂಡ್ (ಚಕ್ರದ ಕಡೆ ತುದಿಯ ಜಾಯಿಂಟ್) ಸುತ್ತ ಬೆರಳಿಟ್ಟು ಹಿಡಿದುಕೊಳ್ಳಿ. ಸವೆದಿದ್ರೆ ಚಕ್ರ ತಿರುಗೋಕೆ ಮುಂಚೆಯೇ ಬೆರಳಿಗೆ 'ಟಕ್' ಅಂತ ಗೊತ್ತಾಗುತ್ತೆ. ಕಣ್ಣಿಗೆ ಕಾಣದ ಪ್ಲೇ ಕೈಗೆ ಸಿಗುತ್ತೆ, ಅದಕ್ಕೇ ಇದನ್ನ ಬಿಡಬೇಡಿ ಅಂತೀನಿ. ಒಳಗಿನ ಜಾಯಿಂಟ್ ಸ್ಟೀರಿಂಗ್ ತಿರುಗಿದಾಗ ಎಡಬಲ ಜರುಗೋ ಸರಳಾದ ರ‍್ಯಾಕಿನ ರಬ್ಬರ್ ಬೂಟ್ (ಹೊದಿಕೆ) ಒಳಗಿರುತ್ತೆ. ಬೂಟನ್ನ ಮೆತ್ತಗೆ ಅದುಮಿ ಹಿಡಿದು ಅದೇ ಥರ ನೋಡಿ. ಬೂಟ್ ಹರಿದಿದ್ರೆ ಮಣ್ಣು ನೀರು ಒಳಗೆ ಹೋಗಿದೆ ಅಂತಲೇ ಲೆಕ್ಕ.

ಲೋವರ್ ಆರ್ಮ್ (ಚಕ್ರವನ್ನ ಕೆಳಗಡೆ ಕಾರಿಗೆ ಜೋಡಿಸೋ ತೋಳು) ಕೂರೋ ರಬ್ಬರ್ ಬುಷ್‌ಗಳನ್ನ ಟಾರ್ಚ್ ಹಾಕಿ ನೋಡಿ. ರಬ್ಬರ್ ಆಳವಾಗಿ ಸೀಳಿದ್ರೆ ಬ್ರೇಕ್ ಹಾಕಿದಾಗ ಚಕ್ರ ಜರುಗಿ ಟೋ ಬದಲಾಗುತ್ತೆ. ನಿಮ್ಮ ಟೈರ್ ಸವೆತ ಕೇಳಿದ್ರೆ ನನಗೆ ಮೊದಲ ಅನುಮಾನ ಇದರ ಮೇಲೇ.

—

ಮೇಲೆ ಹೇಳಿದ್ದಕ್ಕೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ಚಕ್ರದ ಕಡೆ ಸೇರೋ ಗುಂಡು ಕೀಲು) ಸೇರಿಸ್ತೀನಿ. ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ, ಕೈ ಮುಗಿದು ಹೇಳ್ತೀನಿ. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಸಿಕ್ಕರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಆಗ ಪ್ಲೇ ಮಾಯವಾದ್ರೆ ವೀಲ್ ಬೇರಿಂಗ್. ಹಾಗೇ ಉಳಿದ್ರೆ ಬಾಲ್ ಜಾಯಿಂಟ್ ನೋಡಿ.

ಈ ಪರೀಕ್ಷೆ ಮಾಡುವಾಗ, ಸ್ಪ್ರಿಂಗ್ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರೋ ಕಂಬ) ಮೇಲಿದ್ರೆ ಚಕ್ರ ಜೋತುಬಿದ್ದಿರಬೇಕು. ಸ್ಪ್ರಿಂಗ್ ಲೋವರ್ ಆರ್ಮ್ ಮೇಲೆ ಕೂತಿರೋ ಗಾಡಿಯಲ್ಲಿ ಆ ಆರ್ಮ್ ಅಡಿಗೇ ಜಾಕ್ ಕೊಡಬೇಕು. ಇಲ್ಲದಿದ್ರೆ ಸ್ಪ್ರಿಂಗ್ ಬಿಗಿಗೆ ಜಾಯಿಂಟ್ ಅದುಮಿಕೊಂಡು, ಸವೆದಿದ್ರೂ ಗಟ್ಟಿಯಾಗಿರೋ ಹಾಗೆ ಅನಿಸುತ್ತೆ.

—

ಎಡಕ್ಕೆ ಎಳೆಯೋದರ ಬಗ್ಗೆ ಯಾರೂ ಹೇಳಲಿಲ್ಲ. ಮುಂದಿನ ಎರಡು ಟೈರ್ ಅದಲುಬದಲು ಮಾಡಿ ಓಡಿಸಿ ನೋಡಿ (ಒಂದೇ ದಿಕ್ಕಿಗೆ ತಿರುಗಬೇಕಾದ, ಬಾಣದ ಗುರುತಿನ ಟೈರ್ ಆದ್ರೆ ಬೇಡ). ಈಗ ಬಲಕ್ಕೆ ಎಳೆದ್ರೆ ದೋಷ ಟೈರಿನದು, ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದ್ರೂ ಹೋಗಲ್ಲ. ಓಡಿಸಿ ಬಂದ ತಕ್ಷಣ ಎಡ ಚಕ್ರದ ಹತ್ತಿರ ಮಾತ್ರ ಶಾಖ ಹೆಚ್ಚಿದ್ರೆ ಆ ಕಡೆ ಬ್ರೇಕ್ ಹಿಡೀತಿದೆ. ಡಿಸ್ಕ್ ಮುಟ್ಟಬೇಡಿ, ಸುಡುತ್ತೆ.

—

ಟೈ ರಾಡಿನ ಲಾಕ್ ನಟ್ ತುಕ್ಕು ಹಿಡಿದಿದ್ರೆ ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ನಟ್ ಬಿಡದಿದ್ರೆ ಟೋ ತಿರುಗಿಸೋಕೇ ಆಗಲ್ಲ. ಬುಷ್, ಟೈ ರಾಡ್ ಏನೇ ಬದಲಾಯಿಸಿದ್ರೂ ಅದೆಲ್ಲ ಮುಗಿದ ಮೇಲೆಯೇ ಅಲೈನ್‌ಮೆಂಟ್. ಡಿಕ್ಕಿಯಲ್ಲಿರೋ ಭಾರದ ಸಾಮಾನು ಇಳಿಸಿ ಹೋಗಿ, ಮುಂಚಿನ ಅಳತೆ, ಆಮೇಲಿನ ಅಳತೆ ಎರಡರ ಪ್ರಿಂಟೂ ಕೇಳಿ ತಗೊಳ್ಳಿ.